ದಪ್ಪ ಬಟ್ಟೆ ಬಗಲಲ್ಲಿಟ್ಟುಕೊಂಡು ಮಷಿನ್ ನೋಡಲು ಹೋಗು

ಯುಗಾದಿ ಹತ್ತಿರ ಬಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಂದ ಜನ ಮಲ್ಲಯ್ಯನ ಕಂಬಿಯೊಂದಿಗೆ ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ಅವರ ಹೆಗಲ ಮೇಲಿನ ಚೀಲಗಳನ್ನು ಒಮ್ಮೆ ಗಮನಿಸು. ಬಟ್ಟೆ ಹರಿದದ್ದು ಕಡಿಮೆ. ಪಟ್ಟಿ ಬಂದು ಚೀಲಕ್ಕೆ ಕೂಡುವ ಜಾಗದಲ್ಲಿ ಹೊಲಿಗೆ ಬಿಟ್ಟಿರುವುದೇ ಹೆಚ್ಚು. ರೊಟ್ಟಿ ಬುತ್ತಿ, ನೀರಿನ ಬಾಟಲಿ, ಹೊದಿಕೆ, ಇಷ್ಟರ ಭಾರವೆಲ್ಲ ಬೀಳುವುದು ಆ ನಾಲ್ಕು ಬೆರಳಿನಗಲದ ಜಾಗದ ಮೇಲೆ.

ಇಂಥ ಚೀಲವನ್ನು, ಲಿಂಬೆ ಕೀಳುವವರ ಜೋಳಿಗೆಯನ್ನು, ಹೊಲದಲ್ಲಿ ಮಲಗುವಾಗ ಬೇಕಾಗುವ ಕ್ಯಾನ್ವಾಸ್ ಹಾಸನ್ನು ಮನೆಯಲ್ಲೇ ಹೊಲಿಯುತ್ತೇನೆ ಎಂದು ನೀನು ಹೊರಟಿರುವುದು ಸಂತೋಷದ ಮಾತು. ಮೊದಲ ಮಷಿನ್ ಯಾವುದು ತಗೊಳ್ಳಲಿ ಎಂದು ಕೇಳಿದೆಯಲ್ಲ, ಕಂಪನಿಯ ಹೆಸರು ಆಮೇಲೆ ನೋಡೋಣ. ನೀನು ಹೊಲಿಯಲಿರುವ ಅತಿ ದಪ್ಪನೆಯ ಮಡಿಕೆ ಯಾವುದೋ ಅದನ್ನು ಮೊದಲು ಮನೆಯಲ್ಲೇ ಮಡಚಿ ಪಿನ್ ಹಾಕಿಕೋ. ಅದನ್ನು ಕೈಯಲ್ಲಿ ಹಿಡಿದೇ ಅಂಗಡಿಯ ಮೆಟ್ಟಿಲು ಹತ್ತು.

ಅಂಗಡಿಯವರು ತೆಳ್ಳನೆಯ ಕಾಟನ್ ತುಂಡಿನ ಮೇಲೆ ಬಳ್ಳಿ, ಎಲೆ, ಹೂವು ಹೊಲಿದು ತೋರಿಸುತ್ತಾರೆ. ಅದಕ್ಕೆ ಮರುಳಾಗಬೇಡ. ಚೀಲಕ್ಕೆ ಬೇಕಾದದ್ದು ನೇರ ಹೊಲಿಗೆ ಒಂದೇ. ಮೇಲಿನ ದಾರ, ಬಾಬಿನ್ ದಾರ ಎರಡೂ ಬಟ್ಟೆಯ ನಡುವೆ ಕೊಂಡಿ ಹಾಕಿಕೊಳ್ಳುವ ಈ ಹೊಲಿಗೆಯ ಯಂತ್ರಕ್ಕೆ ಅಮೆರಿಕದ ಇಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ಪಡೆದ. ಭಾರ ಹೊರುವ ಕೆಲಸಕ್ಕೆ ಅದು ಇವತ್ತಿಗೂ ಸಾಕು. ಝಿಗ್‌ಝಾಗ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಪಟ್ಟಿಯ ಮೇಲೆ ಚೌಕ ಹೊಲಿದು ಒಳಗೆ ಅಡ್ಡಡ್ಡ ಗುಣಾಕಾರದ ಗೆರೆ ಎಳೆದರಾಯಿತು.

ಅಂಗಡಿಯಲ್ಲಿ ನಿನ್ನ ಮಡಿಕೆಯನ್ನೇ ಇಡು. ನಾಲ್ಕು ಪದರ ಕ್ಯಾನ್ವಾಸ್, ಅದರ ಮೇಲೆ ಒಂದು ಇಂಚಿನ ನೈಲಾನ್ ಪಟ್ಟಿ. 18 ನಂಬರಿನ ಸೂಜಿ ಹಾಕಿಸಿ ಗಾಲಿಯನ್ನು ಕೈಯಿಂದಲೇ ತಿರುಗಿಸು. ಪಾದ ಅಷ್ಟು ದಪ್ಪಕ್ಕೆ ಮೇಲೇಳಬೇಕು, ಸೂಜಿ ಬಾಗದೆ ಇಳಿಯಬೇಕು, ಕೆಳಗಿನ ಹಲ್ಲು ಬಟ್ಟೆಯನ್ನು ತಾನೇ ಮುಂದಕ್ಕೆ ಒಯ್ಯಬೇಕು. ನೀನು ಹಿಂದಿನಿಂದ ಎಳೆಯಬೇಕಾಯಿತೆಂದರೆ ಆ ಮಷಿನ್ ನಿನ್ನ ಕೆಲಸದ್ದಲ್ಲ. ಆಮೇಲೆ ಬಟ್ಟೆ ತಿರುವಿ ಹಾಕಿ ನೋಡು. ಕೆಳಗೆ ದಾರ ಗಂಟುಗಂಟಾಗಿದ್ದರೆ ಟೆನ್ಷನ್ ಸರಿಮಾಡಲು ಹೇಳು. ಆಗಲೂ ಸರಿಹೋಗದಿದ್ದರೆ ಮುಂದಿನ ಅಂಗಡಿ ಇದ್ದೇ ಇದೆ.

ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಗೆಲ್ಲುವುದು ಹಳೇ ಕಾಲದ ಕಪ್ಪು ಕಬ್ಬಿಣದ ಕಾಲು ಮಷಿನ್ನೇ. ಉಷಾ, ಸಿಂಗರ್, ಮೆರಿಟ್, ಯಾವುದಾದರೂ ಸರಿ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ದಪ್ಪ ಜಾಗದಲ್ಲಿ ಒಂದೊಂದೇ ಹೊಲಿಗೆಯಾಗಿ ನಿಧಾನ ದಾಟಬಹುದು, ಬೇಕೆಂದಾಗ ಮೋಟರ್ ಕೂಡಿಸಬಹುದು. ಶಟಲ್, ಬಾಬಿನ್ ಕೇಸ್ ತಾಲ್ಲೂಕು ಪೇಟೆಯಲ್ಲೇ ಸಿಗುತ್ತವೆ. ಬರೀ ಚೀಲ, ಸೀಟ್ ಕವರಿನ ಕೆಲಸವೇ ನಿನ್ನದಾದರೆ ದೊಡ್ಡ ಮೈಯ ಅಂಬ್ರೆಲಾ ಮಷಿನ್ ನೋಡು. ಗಾರ್ಮೆಂಟ್ ಕಾರ್ಖಾನೆಯ ಮಷಿನ್ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಓಡುತ್ತದೆ. ಕಲಿಯುವ ಕೈಗೆ ಆ ಓಟ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಸೂಜಿ ಕಂಬ ಹಿಡಿದು ಅಲ್ಲಾಡಿಸು. ಅದು ಲಟಲಟ ಎನ್ನಬಾರದು. ಸೂಜಿ ಇಳಿಯುವ ತೂತಿನ ಅಂಚು ಕಚ್ಚಿಹೋಗಿರಬಾರದು, ಹಲ್ಲು ಸವೆದು ನುಣ್ಣಗಾಗಿರಬಾರದು. ಬಣ್ಣ ಹೋಗಿದ್ದರೆ ಹೋಗಲಿ. ಮನೆಯಲ್ಲಿದೆಯೆಂದು ಕುಸುಬೆ ಎಣ್ಣೆಯನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಬಿಡಬೇಡ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತದೆ, ಮಷಿನ್ ಬಿಗಿಯುತ್ತದೆ. ಮಷಿನ್ ಎಣ್ಣೆಯನ್ನೇ ಹಾಕು.

ದಾರದಲ್ಲಿ ಕಂಜೂಸಿ ಮಾಡಬೇಡ. ಹತ್ತಿ ದಾರ ಮಳೆಗೆ ಕೊಳೆಯುತ್ತದೆ, ನಮ್ಮ ಬಿಸಿಲಿಗೆ ನೈಲಾನ್ ದಾರ ಸೊರಗುತ್ತದೆ. ಪಾಲಿಯೆಸ್ಟರ್ ಹೆಚ್ಚು ಕಾಲ ಬಾಳುತ್ತದೆ. ತೆಳು ನೈಲಾನ್ ಬಟ್ಟೆಗೆ 11 ಇಲ್ಲವೆ 14ರ ಸೂಜಿ, ಕ್ಯಾನ್ವಾಸಿಗೆ 16, ಪಟ್ಟಿಗೆ 18. ಹೊಲಿಗೆ ಮೂರರಿಂದ ನಾಲ್ಕು ಮಿಲಿಮೀಟರ್ ಉದ್ದವಿರಲಿ. ತೀರ ಸಣ್ಣ ಹೊಲಿಗೆ ಹಾಕಿದರೆ ಅಂಚೆ ಚೀಟಿಯ ಅಂಚಿನಂತೆ ತೂತಿನ ಸಾಲಿನಗುಂಟ ಹರಿಯುತ್ತದೆ. ನೀರು ತಡೆಯುವ ಬಟ್ಟೆಗೆ ಪಿನ್ ಚುಚ್ಚಿದರೆ ತೂತು ಉಳಿದೇಬಿಡುತ್ತದೆ, ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಮಾತ್ರ ಸೂಜಿ ಆಡಿಸಬೇಡ. ಅಂಚು ಮಡಚಿ, ಒಳಗೆ ಹಗ್ಗ ಇಟ್ಟು, ಐಲೆಟ್ ಹೊಡೆಸು.

ದುಡ್ಡಿನ ಮಾತಿಗೆ ಬಂದರೆ, 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ ಕೆಲಸವೂ ಸೇರಿದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಅದು ಆ ಕಸುಬಿನಲ್ಲೇ ದುಡಿಯುವವರಿಗೆ. ಹವ್ಯಾಸಕ್ಕೆ ಕೊಳ್ಳುವ ನೀನು ಸಾಲ ಮಾಡಬೇಡ. ಕೈಯಲ್ಲಿರುವ ದುಡ್ಡಿನ ನಾಲ್ಕನೇ ಒಂದು ಪಾಲನ್ನು ಸೂಜಿ, ದಾರ, ಒಳ್ಳೆಯ ಕತ್ತರಿ, ಕಲಿಯುವಾಗ ಹಾಳಾಗುವ ಬಟ್ಟೆಗೆ ತೆಗೆದಿಟ್ಟು ಉಳಿದದ್ದರಲ್ಲಿ ಮಷಿನ್ ಕೊಳ್ಳು.

ಮೊದಲ ಚೀಲ ಹೊಲಿದಾದ ಮೇಲೆ ಯಾರ ಹೆಗಲಿಗೂ ಹಾಕಬೇಡ. ಅದರಲ್ಲಿ ಹತ್ತು ಕಿಲೋ ಜೋಳ ತುಂಬಿ ಜಂತಿಗೆ ತೂಗುಹಾಕಿ ಒಂದು ವಾರ ಬಿಡು. ಪಟ್ಟಿಯ ಬುಡದಲ್ಲಿ ಒಂದು ಹೊಲಿಗೆ ಸಡಿಲಾದರೂ ಬಿಚ್ಚಿ ಮತ್ತೆ ಹೊಲಿ. ಸಡಿಲಾಗದಿದ್ದರೆ ಮುಂದಿನ ಯುಗಾದಿಗೆ ಶ್ರೀಶೈಲಕ್ಕೆ ಹೊರಟವರಿಗೆ ಧೈರ್ಯವಾಗಿ ಕೊಡು.