ಮಂದ್ರಧ್ವನಿ ಮತ್ತು ಮನೆಯ ಧ್ವನಿವರ್ಧಕ

ಶಬ್ದವೆಂಬುದು ಕಂಪನದ ಫಲ. ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳು ಮಾನವನ ಕಿವಿಗೆ ಗೋಚರಿಸುತ್ತವೆ. ಇವುಗಳಲ್ಲಿ 100ಕ್ಕಿಂತ ಕೆಳಗಿನ ಮಂದ್ರಧ್ವನಿಯನ್ನು ಮನೆಯಲ್ಲಿ ಉಂಟುಮಾಡುವುದೇ ಅತ್ಯಂತ ಕಷ್ಟದ ಕಾರ್ಯ.

ಹಿಂದೆ ಹಳ್ಳಿಯಾಗಿದ್ದು ಇಂದು ಬನಶಂಕರಿಯ ಬಡಾವಣೆಗಳೊಡನೆ ಬೆರೆತುಹೋಗಿರುವ ಇಟ್ಟಮಡುವಿನಂತಹ ಪ್ರದೇಶದಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿವೆ. ಅಲ್ಲಿನ ಹತ್ತಡಿಯ ನಡುಮನೆಯಲ್ಲಿ ಎರಡು ಪುಟ್ಟ ಧ್ವನಿವರ್ಧಕಗಳನ್ನಿಟ್ಟು ಚಲನಚಿತ್ರ ನೋಡುವವರ ಅನುಭವ ಎಲ್ಲೆಡೆಯೂ ಒಂದೇ ಬಗೆಯದು. ಪಾತ್ರಗಳ ಮಾತು ಹಿರಿಯರಿಗೆ ಕೇಳಿಸದೆಂದು ಧ್ವನಿಯನ್ನು ಏರಿಸಿದರೆ, ಮರುಕ್ಷಣವೇ ಸ್ಫೋಟದ ದೃಶ್ಯ ಬಂದು ಪೆಟ್ಟಿಗೆ ಗೊರಗುಟ್ಟುತ್ತದೆ. ಆದರೆ ಅದೇ ಧ್ವನಿವರ್ಧಕ ಸಂಗೀತ ಕಚೇರಿಯನ್ನು ಸೊಗಸಾಗಿ ಕೇಳಿಸುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಧ್ವನಿವರ್ಧಕದ ಕಾಗದದ ಶಂಕು ಹಿಂದೆ ಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಕಂಪನಸಂಖ್ಯೆ ಅರ್ಧಕ್ಕಿಳಿದಾಗ ಅಷ್ಟೇ ಬಲದ ಶಬ್ದ ಹೊಮ್ಮಬೇಕಾದರೆ ಶಂಕು ನಾಲ್ಕು ಪಟ್ಟು ದೂರ ಚಲಿಸಬೇಕು. 160 ಹರ್ಟ್ಸ್‌ನ ಸ್ವರಕ್ಕೆ ಅರ್ಧ ಮಿಲಿಮೀಟರ್ ಸಾಲುವಲ್ಲಿ 40 ಹರ್ಟ್ಸ್‌ಗೆ 8 ಮಿಲಿಮೀಟರ್ ಬೇಕು. ಅಂಗೈಯಗಲದ ಶಂಕುವಿಗೆ ಇದು ಮೀರಿದ ಭಾರ. ಸಬ್‌ವೂಫರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ದೊಡ್ಡ ಶಂಕುವನ್ನು ಬಳಸುವುದು ಈ ಕಾರಣದಿಂದಲೇ.

ಹಾಗಾದರೆ ತಂಬೂರಿಯ ಮಂದ್ರ ಷಡ್ಜ ಪುಟ್ಟ ರೇಡಿಯೋದಲ್ಲಿಯೂ ಕೇಳಿಸುವುದು ಹೇಗೆ? ಗಂಡು ದನಿಗೆ ಶ್ರುತಿ ಮಾಡಿದ ತಂಬೂರಿಯಲ್ಲಿ ಅದರ ಮೂಲಸ್ವರ ಸುಮಾರು 65 ಹರ್ಟ್ಸ್. ಅದರೊಡನೆ 130, 195, 260 ಎಂಬ ಕ್ರಮದಲ್ಲಿ ಉಪಸ್ವರಗಳು ಹೊಮ್ಮುತ್ತವೆ. ತಂಬೂರಿಯ ಕುದುರೆಯೂ ಅದರ ಮೇಲಿನ ನೂಲಿನೆಳೆಯೂ ಈ ಉಪಸ್ವರಗಳನ್ನು ಸಮೃದ್ಧಗೊಳಿಸುವ ಬಗೆಯನ್ನು ಸಿ. ವಿ. ರಾಮನ್ ಅವರು 1921ರಲ್ಲಿಯೇ ವಿವೇಚಿಸಿದ್ದರು. ಮೂಲಸ್ವರ ಕ್ಷೀಣಿಸಿದರೂ ಉಪಸ್ವರಗಳ ಕ್ರಮದಿಂದ ನಮ್ಮ ಶ್ರವಣಶಕ್ತಿ ಅದರ ಸ್ಥಾಯಿಯನ್ನು ಊಹಿಸಿಕೊಳ್ಳುತ್ತದೆ. ದೂರವಾಣಿಯಲ್ಲಿ ಗಂಡಸರ ದನಿಯನ್ನು ಗುರುತಿಸುವುದೂ ಹೀಗೆಯೇ.

ಭೂಕಂಪದ ಗುಡುಗಿಗೆ ಇಂತಹ ಕ್ರಮಬದ್ಧ ಉಪಸ್ವರಗಳಿಲ್ಲ. ಅದರ ಕೆಳಭಾಗ ಕಳೆದುಹೋದರೆ ಕಿವಿ ಅದನ್ನು ತುಂಬಿಕೊಳ್ಳಲಾರದು. ಚಿತ್ರರಂಗವಂತೂ ಇಂತಹ ಶಬ್ದಗಳನ್ನೇ ಬೆಳೆಸುತ್ತ ಬಂದಿದೆ. 1974ರ 'ಅರ್ಥ್‌ಕ್ವೇಕ್' ಚಿತ್ರಕ್ಕಾಗಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ 'ಸೆನ್ಸರೌಂಡ್' ವ್ಯವಸ್ಥೆಯನ್ನು ರೂಪಿಸಿ, ಭಾರಿ ಧ್ವನಿವರ್ಧಕಗಳಿಂದ ಪ್ರೇಕ್ಷಕರ ಮೈಯನ್ನೇ ಕಂಪಿಸಿತು. ಮುಂದೆ ಬಂದ 5.1 ಪದ್ಧತಿಯಲ್ಲಿ ಐದು ಪ್ರಧಾನ ವಾಹಿನಿಗಳಲ್ಲದೆ, 120 ಹರ್ಟ್ಸ್‌ಗಿಂತ ಕೆಳಗಿನ ಶಬ್ದಕ್ಕೆಂದೇ ಒಂದು ವಾಹಿನಿಯುಂಟು. ಅದಕ್ಕೆ 10 ಡೆಸಿಬಲ್‌ಗಳ ಹೆಚ್ಚಿನ ಬಲ. 2022ರ 'ಕೆ.ಜಿ.ಎಫ್. ಚಾಪ್ಟರ್ 2'ರಲ್ಲಿ 'ದೊಡ್ಡಮ್ಮ' ಎಂಬ ಬಂದೂಕಿನ ಗರ್ಜನೆಯನ್ನು ಚಿತ್ರಮಂದಿರದಲ್ಲಿ ಕೇಳಿದವರಿಗೆ ಇಂತಹ ಧ್ವನಿಯ ಪರಿಣಾಮ ಪರಿಚಿತವೇ.

ಇಂತಹ ಧ್ವನಿಮುದ್ರಣವನ್ನು ಎರಡೇ ಧ್ವನಿವರ್ಧಕಗಳಿಗೆ ಇಳಿಸುವಾಗ ಮಂದ್ರದ ವಾಹಿನಿಯನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ಆದರೂ ಪ್ರಧಾನ ವಾಹಿನಿಗಳಲ್ಲಿ ಉಳಿಯುವ ಮಂದ್ರವೇ ಪುಟ್ಟ ಶಂಕುವನ್ನು ಅದರ ಮಿತಿಯಾಚೆಗೆ ತಳ್ಳಬಲ್ಲದು. ಆ ಶಂಕುವೇ ಮಾತನ್ನೂ ನುಡಿಸಬೇಕಾದುದರಿಂದ ಗುಡುಗಿನೊಡನೆ ಮಾತೂ ಕೆಡುತ್ತದೆ.

ಆದುದರಿಂದ ಮಂದ್ರದ ಗುಂಡಿಯನ್ನು ತಿರುಗಿಸಿ ಏರಿಸುವುದು ಪರಿಹಾರವಲ್ಲ. ಅದು ಶಂಕುವಿನ ಭಾರವನ್ನೇ ಹೆಚ್ಚಿಸುತ್ತದೆ. ಪೆಟ್ಟಿಗೆಯನ್ನು ಗೋಡೆಯ ಸಮೀಪಕ್ಕೆ ಸರಿಸಿದರೆ ಮಂದ್ರಧ್ವನಿಗೆ ಸ್ವಲ್ಪ ಪುಷ್ಟಿ ಬರುತ್ತದೆ. ಉಪಕರಣದಲ್ಲಿ ರಾತ್ರಿಯ ಬಳಕೆಗೆಂದು ವ್ಯವಸ್ಥೆಯಿದ್ದರೆ ಅದು ಅಬ್ಬರವನ್ನು ತಗ್ಗಿಸಿ ಮಾತನ್ನು ಎತ್ತಿಹಿಡಿಯುತ್ತದೆ. ಸಬ್‌ವೂಫರನ್ನೇ ಕೊಂಡುತಂದರೆ ಮನೆಯೊಳಗಿನ ಕೊರತೆ ನೀಗೀತು. ಆದರೆ ಗೋಡೆಗಳು ತಾರಧ್ವನಿಯನ್ನು ತಡೆಯುವಷ್ಟು ಮಂದ್ರಧ್ವನಿಯನ್ನು ತಡೆಯಲಾರವು. ಇಲ್ಲಿನ ಸ್ಫೋಟ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಯ ಮೇಜನ್ನು ನಡುಗಿಸಬಹುದು.

ಉಪಕರಣದ ಮಿತಿಯನ್ನೂ ನೆರೆಯವರ ನೆಮ್ಮದಿಯನ್ನೂ ಅರಿತು ಆಲಿಸುವವರಿಗೆ ಪುಟ್ಟ ಪೆಟ್ಟಿಗೆಯೂ ಸಾಕಷ್ಟು ಸುಖವನ್ನು ಕೊಡುತ್ತದೆ. ಮನೆಯ ಹಿರಿಯರಿಗೆ ಬೇಕಾದುದು ಗುಡುಗಲ್ಲ, ಸ್ಪಷ್ಟವಾಗಿ ಕೇಳಿಸುವ ಮಾತು.