ಸೀರೆಯ ಲೆಕ್ಕ, ಕುರ್ಚಿಯ ಲೆಕ್ಕ

ಮನೆಯಿಂದ ಕೆಲಸ ಮಾಡುವುದನ್ನು ಕೆಲವು ಮೇಲಧಿಕಾರಿಗಳು ಒಪ್ಪದಿರುವುದಕ್ಕೆ ನೌಕರರ ಮೇಲಿನ ಅಪನಂಬಿಕೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆಯಾದರೂ, ಕೆಲಸವನ್ನು ಅಳೆಯಲು ಬಾರದಿರುವುದೇ ಆ ಅಪನಂಬಿಕೆಯ ಬೇರು ಎಂಬುದು, ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಬೆಳೆದು ಮುಂದೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತಂಡ ನಡೆಸಿದ ಈ ಲೇಖಕನಿಗೆ ತಡವಾಗಿ ತಿಳಿದ ಸಂಗತಿ.

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳು ವಾಸದ ಮನೆಗಳಲ್ಲಿಯೇ ಓಡುವುದು ಸಾಮಾನ್ಯ. ಉದ್ದದ ಎಳೆಗಳಾದ ಹಾಸನ್ನೂ ಅಡ್ಡ ಎಳೆಗಳಾದ ಹೊಕ್ಕನ್ನೂ ಮಾಲೀಕನು ಕೊಟ್ಟು, ನೇಕಾರನು ತನ್ನ ಮನೆಯಲ್ಲಿ ನೇಯ್ದು ತಂದ ಸೀರೆಯೊಂದಕ್ಕೆ ಇಂತಿಷ್ಟೆಂದು ಹಣ ಕೊಡುವ ಪದ್ಧತಿಯೇ ಕೂಲಿ ನೇಯ್ಗೆ. ಸೀರೆ ಕೈಗೆ ಬಂದಾಗ ಮಾಲೀಕನು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಹೆಬ್ಬೆರಳಾಡಿಸಿ, ಎಳೆ ತಪ್ಪಿದ ಕಡೆ ನಿಲ್ಲುತ್ತಾನೆ. ನೇಕಾರ ಎಷ್ಟು ಹೊತ್ತಿಗೆ ಎದ್ದ, ಎಷ್ಟು ಸಲ ಮಗ್ಗ ನಿಲ್ಲಿಸಿದ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ.

ಸಾಫ್ಟ್‌ವೇರ್ ಕೆಲಸವನ್ನು ಹೀಗೆ ಬಿಚ್ಚಿ ಬೆಳಕಿಗೆ ಹಿಡಿಯಲಾಗದು. ಒಂದು ದೋಷವನ್ನು ಹುಡುಕಲು ಮೂರು ದಿನ ಹಿಡಿದು, ಕೊನೆಗೆ ತಿದ್ದಿದ್ದು ಒಂದೇ ಸಾಲು ಆಗಿರಬಹುದು. ಆ ಶ್ರಮವನ್ನು ಅರಿಯಲು ಮೇಲಧಿಕಾರಿಯು ಕೆಲಸದೊಳಗೆ ಇಳಿಯಬೇಕು, ಇಳಿಯಲು ವ್ಯವಧಾನವಿಲ್ಲದಿದ್ದಾಗ ತುಂಬಿದ ಕುರ್ಚಿಗಳೇ ಅಳತೆಗೋಲಾಗುತ್ತವೆ. 2020ರ ಮಾರ್ಚ್‌ನ ಲಾಕ್‌ಡೌನ್ ಆ ಅಳತೆಗೋಲನ್ನು ಕಿತ್ತುಕೊಂಡಿತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಮೆಟ್ರೊ ಕಾಮಗಾರಿಯ ಕಾರಣ 2022ರ ಡಿಸೆಂಬರ್‌ವರೆಗೆ ಮನೆಯಿಂದಲೇ ಕೆಲಸ ಮುಂದುವರಿಸಿರೆಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೇ ಅಲ್ಲಿನ ಕಂಪನಿಗಳಿಗೆ ಸಲಹೆ ನೀಡಿತ್ತು. ಆ ಬಳಿಕ ತಂಡವನ್ನು ಕಚೇರಿಗೆ ಕರೆದವರಲ್ಲಿ ಈ ಲೇಖಕನೂ ಒಬ್ಬ. ಕೆಲಸ ಕುಂಠಿತವಾಗಿತ್ತೆಂದಲ್ಲ, ಸಂಜೆಯಾದಾಗ ಮೇಲಧಿಕಾರಿಯಾಗಿ ತಾನು ಮಾಡಿದ್ದೇನೆಂಬುದು ತನಗೇ ಕಾಣುತ್ತಿರಲಿಲ್ಲ. ಹೊಸಕೋಟೆಯಿಂದ ಹೊರಟು ಕೆ.ಆರ್. ಪುರದ ವಾಹನದಟ್ಟಣೆಯಲ್ಲಿ ಸೊರಗಿ ಬಂದ ಸಹೋದ್ಯೋಗಿಯೊಬ್ಬರು, ಇಡೀ ದಿನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪುಣೆ ಕಚೇರಿಯವರೊಡನೆಯೇ ಮಾತನಾಡಿ ಹಿಂತಿರುಗುತ್ತಿದ್ದುದನ್ನು ಕಂಡೂ ಈ ಲೇಖಕನಿಗೆ ಕುರ್ಚಿ ತುಂಬಿದ ಸಮಾಧಾನವಿತ್ತು.

ಇದು ಒಬ್ಬನ ದೌರ್ಬಲ್ಯವಷ್ಟೇ ಅಲ್ಲ. ಚೀನಾದ ಪ್ರವಾಸ ಸೇವೆಯ ಟ್ರಿಪ್.ಕಾಮ್ ಕಂಪನಿಯ 1,612 ನೌಕರರನ್ನು ಕುರಿತು ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿ, 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರಲ್ಲಿ ರಾಜೀನಾಮೆಗಳು ಮೂರನೇ ಒಂದರಷ್ಟು ಇಳಿದವು, ಕೆಲಸದ ಗುಣಮಟ್ಟ ಕುಗ್ಗಲಿಲ್ಲ. ಉತ್ಪಾದಕತೆ ಶೇ 2.6ರಷ್ಟು ಕುಸಿಯುವುದೆಂದು ಮೊದಲು ಅಂದಾಜಿಸಿದ್ದ ವ್ಯವಸ್ಥಾಪಕರೇ, ಪ್ರಯೋಗ ಮುಗಿದ ಮೇಲೆ ಅದು ಶೇ 1ರಷ್ಟು ಏರುವುದೆಂದರು.

ಕೂಲಿ ನೇಯ್ಗೆಯನ್ನು ಆದರ್ಶವೆಂದು ಹೊಗಳುವಂತೆಯೂ ಇಲ್ಲ, ಏಕೆಂದರೆ ಅಲ್ಲಿ ಮಗ್ಗದ ರಿಪೇರಿ ನೇಕಾರನ ತಲೆಯ ಮೇಲೆಯೇ ಬೀಳುತ್ತದೆ, ಬೇಡಿಕೆ ನಿಂತರೆ ಕೂಲಿಯೂ ನಿಲ್ಲುತ್ತದೆ. ಕಡಿದ ಎಳೆಗೆ ಗಂಟು ಹಾಕುವುದನ್ನು ಮಕ್ಕಳು ಮಗ್ಗದ ಪಕ್ಕದಲ್ಲಿ ನಿಂತೇ ಕಲಿಯುವಂತೆ, ಹೊಸದಾಗಿ ಸೇರಿದವರಿಗೆ ಬಲ್ಲವರ ಪಕ್ಕದ ಕುರ್ಚಿ ಬೇಕೆಂಬ ಮೇಲಧಿಕಾರಿಗಳ ವಾದದಲ್ಲಿ ಹುರುಳಿದೆ. ಆ ಹೊಸಬರನ್ನು ಬಿಟ್ಟು ಉಳಿದವರ ಹಾಜರಿ ನೋಡುವುದನ್ನು ಈಗ ನಿಲ್ಲಿಸಿರುವ ಲೇಖಕನು, ಸೋಮವಾರ ಒಪ್ಪಿಕೊಂಡ ಕೆಲಸವನ್ನು ಶುಕ್ರವಾರ ಮಾಡಿದವರೊಡನೆಯೇ ಕುಳಿತು, ಎಳೆ ತಪ್ಪಿದೆಯೇ ಎಂದು ಸಾಲುಸಾಲಾಗಿ ನೋಡುತ್ತಾನೆ.