ಕಾಲಡಿಯ ಬಂಡೆ ಬಿಟ್ಟು ಏಷ್ಯಾ ಓದಬೇಡಿ

ಹಂಪಿ ಪಕ್ಕದ ನಮ್ಮ ಮಲಪನಗುಡಿಯಲ್ಲಿ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೇ ಹೆಚ್ಚು. ಬೆಳಗಾದರೆ ಏಷ್ಯಾ ಖಂಡದ ಪಟ್ಟಿ ಉರು ಹೊಡೆಯುವುದು ಕೇಳಿಸುತ್ತದೆ. ಎತ್ತರದ ಶಿಖರ ಎವರೆಸ್ಟ್, ಆಳದ ಸರೋವರ ಬೈಕಲ್, ಉದ್ದದ ನದಿ ಯಾಂಗ್‌ಟ್ಸಿ. ಓದಿ, ಬೇಡ ಅನ್ನುವುದಿಲ್ಲ. ಆದರೆ ತಮ್ಮಾ, ಆ ಪುಸ್ತಕ ಹಿಡಿದುಕೊಂಡೇ ಒಮ್ಮೆ ಕಮಲಾಪುರದ ರಸ್ತೆಗೆ ಬಾ.

ಅಲ್ಲಿ ಕಾಣುವ ಬಂಡೆಗಳು ಯಾರೂ ಉರುಳಿಸಿ ತಂದವಲ್ಲ. ವಾಲಿ ಸುಗ್ರೀವರು ಎಸೆದಾಡಿದ ಕಲ್ಲುಗಳೆಂಬ ಕಥೆಯನ್ನು ಪ್ರವಾಸಿಗರಿಗೆ ಹೇಳು, ಚೆಂದದ ಕಥೆ. ಅದರ ಹಿಂದೆಯೇ ಇದನ್ನೂ ಹೇಳು: ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಗಟ್ಟಿಯಾದ ಗ್ರಾನೈಟ್ ಇದು. ಬಿರುಕುಗಳಲ್ಲಿ ನೀರಿಳಿದು ಮೂಲೆ ಸವೆಯಿತು, ಮೇಲಿನ ಮಣ್ಣು ಕೊಚ್ಚಿಹೋಯಿತು, ಗುಂಡುಕಲ್ಲು ಇದ್ದಲ್ಲೇ ಉಳಿಯಿತು. ಇದೇ ಜಾತಿಯ ಕಲ್ಲು ದಕ್ಷಿಣಕ್ಕೆ ರಾಮನಗರದವರೆಗೂ ಸಿಗುತ್ತದೆ.

ಹಿಮಾಲಯದ ವಯಸ್ಸು ಕೇಳಿದ್ದೀಯಾ? ನಮ್ಮ ನೆಲ ಗೊಂಡ್ವಾನಾ ಎಂಬ ಹಳೆಯ ಮಹಾಖಂಡದಿಂದ ಕಿತ್ತುಕೊಂಡು, ಆಫ್ರಿಕಾ ಅಂಟಾರ್ಕ್ಟಿಕಾಗಳನ್ನು ಬಿಟ್ಟು, ಉತ್ತರಕ್ಕೆ ಸರಿದು ಏಷ್ಯಾಕ್ಕೆ ಡಿಕ್ಕಿ ಹೊಡೆದದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಆ ಡಿಕ್ಕಿಗೆ ಎದ್ದದ್ದೇ ಹಿಮಾಲಯ. ಅಂದರೆ ನಾವು ಏಷ್ಯಾಕ್ಕೆ ತಡವಾಗಿ ಬಂದ ಬೀಗರು, ಬಂದದ್ದೂ ಜಗಳದಿಂದಲೇ. ಎವರೆಸ್ಟಿನ ನೆತ್ತಿಯಲ್ಲಿರುವುದು ಸಮುದ್ರತಳದ ಸುಣ್ಣಕಲ್ಲು. ಬೆರಗಾಗಬೇಡ, ದಕ್ಷಿಣಕ್ಕೆ ತಿರುಗಿದರೆ ಕಾಣುವ ಸಂಡೂರು ಗುಡ್ಡದ ಕಬ್ಬಿಣದ ಅದಿರಿಗೆ ಮೂಲವಾದ ಪಟ್ಟೆಕಲ್ಲೂ ಒಂದು ಕಾಲಕ್ಕೆ ಸಮುದ್ರದಡಿ ಪದರಪದರವಾಗಿ ಕೂತದ್ದೇ. ಅದು ನಮ್ಮ ಗ್ರಾನೈಟಿಗಿಂತಲೂ ಹಳೆಯದು.

ನದಿಯನ್ನೂ ಹಾಗೇ ನೋಡು. ತುಂಗೆ ಭದ್ರೆ ಹುಟ್ಟುವ ಗಂಗಾಮೂಲಕ್ಕೆ ಅರಬ್ಬೀ ಸಮುದ್ರವೇ ಹತ್ತಿರ. ಆದರೂ ನೀರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟು ದಾಟಿ, ಹಂಪಿ ಕಂಪ್ಲಿ ಬಳಸಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೇ ಹೋಗುತ್ತದೆ. ದಖ್ಖನ್ ಪೂರ್ವಕ್ಕೆ ವಾಲಿದೆ, ಅಷ್ಟೇ ಕಾರಣ. ನೆಲದ ವಾಟ ತಿಳಿದವನಿಗೆ ಗೋದಾವರಿ, ಕಾವೇರಿ ಬೇರೆಯಾಗಿ ಉರು ಹೊಡೆಯುವ ಕೆಲಸವಿಲ್ಲ.

ಪಟ್ಟಿಯಲ್ಲಿರುವ ಊರುಗಳವರು ನಮ್ಮನ್ನು ಹುಡುಕಿಕೊಂಡು ಬಂದದ್ದೂ ಉಂಟು. 1443ರಲ್ಲಿ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದದ್ದು ಹೆರಾತಿನ ಆಸ್ಥಾನದಿಂದ, ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿ, ಕಲ್ಲಿಕೋಟೆ ಮಂಗಳೂರಿನ ಮೇಲೆ ಹಾದು. ವಿಜಯನಗರದ ಕುದುರೆಗಳೂ ಹೊರ್ಮುಜಿನ ಕಡಲದಾರಿಯಲ್ಲೇ ಬರುತ್ತಿದ್ದವು. ಹೊರ್ಮುಜ್ ಜಲಸಂಧಿ ಎಲ್ಲಿದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಈ ದಾರಿ ನೆನಪಿಸಿಕೋ, ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನು ಎವರೆಸ್ಟಿನ ಎತ್ತರ. 2020ರಲ್ಲಿ ನೇಪಾಳ, ಚೀನಾ ಸೇರಿ ಘೋಷಿಸಿದ್ದು 8,848.86 ಮೀಟರ್. ಪ್ರಶ್ನೆಪತ್ರಿಕೆ ಕೇಳುವುದು ಇದನ್ನೇ. ಬಂಡೆಯ ವಯಸ್ಸು ಬರೆಯಲು ಹೋಗಿ ಅಂಕ ಕಳಕೊಳ್ಳಬೇಡ.